ಟಿ.ವಿ.ಯ ಎಚ್ಚರಿಕೆ: ಓದುವವರು ಯಾರು?

ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ನಾಟಕ, ಯಕ್ಷಗಾನ, ಹೊಸ ಪುಸ್ತಕಗಳ ವಿಮರ್ಶೆ ಮಾಡುತ್ತ ಬಂದಿದ್ದೇವೆ. ಈ ಸಲ ಕೈಗೆತ್ತಿಕೊಂಡಿರುವುದು ಹೆಚ್ಚೆಂದರೆ ಎಂಟು ಹತ್ತು ಸೆಕೆಂಡು ಬಾಳುವ, ಲೇಖಕನ ಹೆಸರಿಲ್ಲದ, ಆದರೆ ನಮ್ಮೆಲ್ಲರ ಮನೆಗಳಲ್ಲೂ ದಿನಕ್ಕೆ ಹಲವು ಬಾರಿ ಪ್ರಕಟವಾಗುವ ಒಂದು ಬರಹವನ್ನು. ಟಿ.ವಿ. ಕಾರ್ಯಕ್ರಮ ಶುರುವಾಗುವ ಮುನ್ನ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಮೂಡಿ ಮರೆಯಾಗುವ ಎಚ್ಚರಿಕೆಯ ಫಲಕವದು. ಅದನ್ನೂ ವಿಮರ್ಶೆ ಮಾಡುವುದುಂಟೆ ಎಂದು ಓದುಗರು ನಗಬಹುದು. ಡೊಂಬಿವಲಿಯ ಒಂದು ಮನೆಯ ಸಂಗತಿ ಕೇಳಿದ ಮೇಲೆ ನಮಗಂತೂ ನಗು ಬರಲಿಲ್ಲ.

ಆ ಮನೆಯ ಮಗ ತಳೋಜದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದವರು. ಸೊಸೆ ಬೆಳಗಿನ ಲೋಕಲ್ ಹಿಡಿದು ಫೋರ್ಟಿಗೆ ಹೋದರೆ ಮರಳುವುದು ರಾತ್ರಿ ಎಂಟಕ್ಕೆ. ಮಧ್ಯಾಹ್ನ ಮನೆಯಲ್ಲಿರುವವರು ಎಪ್ಪತ್ತು ದಾಟಿದ ಅಜ್ಜಿ, ಮತ್ತು ಶಾಲೆ ಮುಗಿಸಿ ಬಂದ ಮೊಮ್ಮಗ, ನಾಲ್ಕನೇ ಇಯತ್ತೆಯ ಹುಡುಗ. ಅಜ್ಜಿ ಕಾರ್ಕಳದ ಕಡೆಯವರು, ಕನ್ನಡ ಶಾಲೆಯಲ್ಲಿ ಐದನೆಯವರೆಗೆ ಕಲಿತವರು. ಕನ್ನಡಕ ಸಿಕ್ಕಿದರೆ ಈ ಮಾಸಿಕವನ್ನು ಮುಖಪುಟದಿಂದ ಜಾಹೀರಾತಿನ ತನಕ ಓದಿ ಮುಗಿಸುವವರು. ಹಿಂದಿ ಅವರ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಹುಡುಗನದು ತದ್ವಿರುದ್ಧ. ಇಂಗ್ಲಿಷ್ ಶಾಲೆಯವನು, ಇಂಗ್ಲಿಷ್, ಹಿಂದಿ, ಮರಾಠಿ ಮೂರನ್ನೂ ಓದುತ್ತಾನೆ, ಕನ್ನಡ ಆಡುತ್ತಾನೆ, ಓದಲು ಮಾತ್ರ ಬಾರದು. ಇಂಥ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಚಾನೆಲ್ ತಿರುಗಿಸುತ್ತಿದ್ದಾಗ, ನಿಜವಾಗಿ ನಡೆದ ಅಪರಾಧಗಳನ್ನು ನಟರಿಂದ ಆಡಿಸಿ ತೋರಿಸುವ ಹಿಂದಿ ಕಾರ್ಯಕ್ರಮವೊಂದು ಎದುರಾಯಿತು. ಹಿಂದಿನ ರಾತ್ರಿ ಹೊತ್ತು ಮೀರಿ ತೋರಿಸಿದ್ದರ ಮರುಪ್ರಸಾರ. ಮೊದಲು ಫಲಕ ಬಂತು.

"ಎಂತ ಬರೆದದ್ದು ಮಗಾ ಅದರಲ್ಲಿ?" ಎಂದು ಅಜ್ಜಿ ಕೇಳಿದರು.

"ಎಂತದೋ ಅಡ್ವೈಸ್ ಅಂತೆ ಅಜ್ಜಿ. ಡಿಸ್ಕ್ರೆಷನ್ ಅಂದ್ರೆ ನಂಗೊತ್ತಿಲ್ಲ."

"ಅಡ್ವೈಸ್ ಅಂದ್ರೆ ಬುದ್ಧಿಮಾತಲ್ವಾ, ಒಳ್ಳೇದೇ ಇರ್ಬೇಕು" ಎಂದು ಅಜ್ಜಿ ರಿಮೋಟು ಕೆಳಗಿಟ್ಟರು.

ಆ ದಿನದ ಕತೆಯಲ್ಲಿ ಗ್ಯಾಸಿನವನ ವೇಷದಲ್ಲಿ ಬಂದವನೊಬ್ಬ ಬೆಲ್ ಒತ್ತಿ, ಒಳಗೆ ಬಂದು, ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿಯನ್ನು ಕೊಲ್ಲುತ್ತಾನೆ. ಎದ್ದು ಆರಿಸಬೇಕೆಂದು ಅಜ್ಜಿಗೆ ತೋಚುವಷ್ಟರಲ್ಲಿ ಅದು ಮುಗಿದಿತ್ತು. ಮುಂದಿನ ಎರಡು ತಿಂಗಳು ಆ ಹುಡುಗ ಬೆಲ್ ಆದಾಗಲೆಲ್ಲ ಅಜ್ಜಿಯ ಸೆರಗು ಹಿಡಿದು ನಿಲ್ಲುತ್ತಿದ್ದನಂತೆ. ಹಾಲಿನವನಿಗೂ ಬಾಗಿಲು ತೆರೆಯಗೊಡುತ್ತಿರಲಿಲ್ಲ. ಸೊಸೆ ಒಂದು ಮಾತು ಆಡಿದಳು: "ಮೊದಲೇ ಬರ್ದಿರ್ತಾರಲ್ಲ ಅತ್ತೆ, ಯಾಕೆ ಹಾಕಿದ್ರಿ?" ಅಷ್ಟೇ. ಅಜ್ಜಿ ಅಂದಿನಿಂದ ರಿಮೋಟು ಮುಟ್ಟಿಲ್ಲ.

ನಮ್ಮನ್ನು ಕಾಡಿದ್ದು ಸೊಸೆಯ ಆ ಮಾತು. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ಬರೆದದ್ದು ನಿಜ. ಮಗುವನ್ನು ಕಾಯಿರಿ ಎಂದು ದೊಡ್ಡವರಿಗೆ ಹೇಳಬೇಕಾದ ಬರಹವನ್ನು ಆ ಮನೆಯಲ್ಲಿ ಓದಬಲ್ಲವನು ಆ ಮಗು ಒಂದೇ ಎಂಬುದು ಬರೆದವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಈಗ ಬರಹವನ್ನೇ ನೋಡೋಣ. ಅದರ ಬೆನ್ನೆಲುಬು 'ಡಿಸ್ಕ್ರೆಷನ್' ಎಂಬ ಶಬ್ದ. ಕನ್ನಡದಲ್ಲಿ ಇದನ್ನು 'ವಿವೇಚನೆ' ಎನ್ನುತ್ತಾರೆ. ವೀಕ್ಷಕರು ತಮ್ಮ ವಿವೇಚನೆ ಬಳಸಬೇಕು ಎಂಬ ಧಾಟಿ. ಏನನ್ನು ಕುರಿತು ವಿವೇಚಿಸಬೇಕು? ರಕ್ತವೆ, ಹೆಣ್ಣಿನ ಮೇಲಿನ ಬಲಾತ್ಕಾರವೆ, ಮಗುವಿನ ಕೊಲೆಯೆ, ಆತ್ಮಹತ್ಯೆಯೆ? ಬಹಳಷ್ಟು ಫಲಕಗಳು ಅದನ್ನು ಹೇಳುವುದೇ ಇಲ್ಲ. ಮದುವೆಯ ಊಟದಲ್ಲಿ ಬಡಿಸುವವನು "ಇದರಲ್ಲಿ ಏನೋ ಒಂದಿದೆ, ನೋಡಿಕೊಂಡು ತಿನ್ನಿ" ಎಂದು ಮುಂದಿನ ಎಲೆಗೆ ಹೋದಂತೆ! ಏನಿದೆ ಎಂದು ಹೇಳಿದರೆ ತಾನೆ ನೋಡಿಕೊಳ್ಳುವುದು?

ಸುದ್ದಿ ಚಾನೆಲ್ಲುಗಳ ಭಾಷೆ ಇನ್ನೊಂದು ಬಗೆ. ದೃಶ್ಯಗಳು ನಿಮ್ಮನ್ನು 'ವಿಚಲಿತ'ಗೊಳಿಸಬಹುದು ಎನ್ನುತ್ತಾರೆ. ಶಬ್ದ ಹಿಂದಿ ಸುದ್ದಿಮನೆಯಿಂದ ಬಂದದ್ದಿರಬೇಕು. ನಮ್ಮ ಮನೆಗಳಲ್ಲಿ ಯಾರಾದರೂ ಯಾವತ್ತಾದರೂ ವಿಚಲಿತರಾದದ್ದುಂಟೆ? ಎದೆ ಝಲ್ಲೆಂದಿತು, ಹೊಟ್ಟೆ ತೊಳಸಿತು, ನೋಡಲಿಕ್ಕಾಗಲಿಲ್ಲ ಎನ್ನುತ್ತೇವೆ. ಇಷ್ಟು ಹೇಳಿ ಅದೇ ದೃಶ್ಯವನ್ನು ಆರು ಸಲ ತಿರುಗಾಮುರುಗ ತೋರಿಸುವ ಸಂಪ್ರದಾಯವೂ ಇದೆ. ಆ ಮಾತು ಬೇರೆ.

2021ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮಗಳಿಂದಾಗಿ ಇಂಟರ್ನೆಟ್ಟಿನ ಮೂಲಕ ಮನೆಗೆ ಬರುವ ಚಿತ್ರ, ಧಾರಾವಾಹಿಗಳಿಗೆ ವಯಸ್ಸಿನ ಗುರುತು ಬಂದಿದೆ: ಯು, ಯು/ಎ 7+, 13+, 16+, ಮತ್ತು ಎ. ಜೊತೆಗೆ ಒಳಗೇನಿದೆ ಎಂಬ ಒಂದೆರಡು ಶಬ್ದವನ್ನು ಆರಂಭದಲ್ಲೇ ತೋರಿಸಬೇಕು. ಇದು ಒಳ್ಳೆಯ ಹೆಜ್ಜೆ ಎಂದು ನಾವು ಒಪ್ಪುತ್ತೇವೆ. 'ವಿವೇಚನೆ'ಗಿಂತ ಎಷ್ಟೋ ಮೇಲು. ಆದರೆ ಅದನ್ನು ಯಾವ ಭಾಷೆಯಲ್ಲಿ ತೋರಿಸಬೇಕೆಂದು ನಿಯಮ ಹೇಳುವುದಿಲ್ಲವಾಗಿ, ಮೂಲೆಯಲ್ಲಿ ಕಾಣುವುದು ಹೆಚ್ಚಾಗಿ ಇಂಗ್ಲಿಷು. ಮಾಟುಂಗದ ನಮ್ಮ ಹಿರಿಯ ಸದಸ್ಯರೊಬ್ಬರು ಕನ್ನಡ ಚಿತ್ರವೊಂದನ್ನು ಹಾಕಿ, ಮೂಲೆಯಲ್ಲಿ 'ಲ್ಯಾಂಗ್ವೇಜ್' ಎಂದು ಕಂಡೊಡನೆ ಚಿತ್ರ ಬೇರೆ ಭಾಷೆಯದಿರಬೇಕೆಂದು ಆರಿಸಿಬಿಟ್ಟರು! ಬೈಗುಳವಿದೆ ಎಂಬುದು ಅದರ ಅರ್ಥ ಎಂದು ಮೊಮ್ಮಗಳು ವಿವರಿಸಿದಾಗ ಅವರೆಂದರು: "ಹಾಗಾದರೆ ಬೈಗುಳ ಅಂತಲೇ ಬರೆಯಬಾರದೆ? ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲೇ ಕೆಲಸ ಮಾಡಿದವನು." ಇಂಗ್ಲಿಷ್ ಬಲ್ಲವರಿಗೇ ಹೀಗಾದರೆ ಉಳಿದವರ ಪಾಡೇನು?

ಯು/ಎ ಎಂಬ ಗುರುತಿನ ಕತೆಯೂ ಹೀಗೇ. 1983ರಿಂದ ಸಿನೆಮಾ ಪ್ರಮಾಣಪತ್ರದಲ್ಲಿ ಇದು ಚಾಲ್ತಿಗೆ ಬಂತು. ಹನ್ನೆರಡರ ಒಳಗಿನ ಮಕ್ಕಳಿಗೆ ತೋರಿಸುವ ಮೊದಲು ತಂದೆ ತಾಯಿ ಯೋಚಿಸಬೇಕೆಂದು ಅರ್ಥ. 2023ರ ತಿದ್ದುಪಡಿಯಲ್ಲಿ ಅಲ್ಲೂ 7, 13, 16 ಎಂಬ ಮೆಟ್ಟಿಲುಗಳು ಬಂದವು. ಘಾಟ್ಕೋಪರ್, ಭಾಂಡುಪ್‌ಗಳ ನಾಲ್ಕಾರು ಮನೆಗಳಲ್ಲಿ ನಾವು ಕೇಳಿ ನೋಡಿದೆವು. 'ಎ' ಎಂದರೆ ಎಲ್ಲರಿಗೂ ಗೊತ್ತು, ತುಸು ನಕ್ಕೇ ಹೇಳಿದರು. ಯು/ಎ ಎಂದರೆ ಅರ್ಧ ಹಾಗೆ, ಅರ್ಧ ಹೀಗೆ ಎಂದರು ಒಬ್ಬರು. ಪ್ರಮಾಣಪತ್ರ ಪರದೆಯ ಮೇಲೆ ಬರುವಾಗ ಚಹಾ ಕಾಯಿಸುವ ಹೊತ್ತು ಎಂದರು ಇನ್ನೊಬ್ಬರು. ಎರಡನೆಯ ಉತ್ತರದಲ್ಲಿ ಹೆಚ್ಚು ಸತ್ಯವಿದೆ. ಟಿ.ವಿ.ಯ ಕಾರ್ಯಕ್ರಮವನ್ನು ಮೊದಲ ಕ್ಷಣದಿಂದ ನೋಡುವವರೇ ಕಡಿಮೆ. ನಾವು ನಡುವೆ ಬಂದು ಸೇರುವವರು, ನಡುವೆ ಎದ್ದು ಹೋಗುವವರು. ಬಾಗಿಲಲ್ಲಿ ಒಂದೇ ಸಲ ನಿಂತು ಹೇಳಿಹೋಗುವ ಎಚ್ಚರಿಕೆ ಹಿತ್ತಿಲಿನಿಂದ ಬಂದವನಿಗೆ ಹೇಗೆ ಕೇಳಿಸೀತು?

ಊರಲ್ಲಿ ಬಯಲಾಟ ನೋಡಿದವರಿಗೆ ಬೇರೊಂದು ಬಗೆಯ ಎಚ್ಚರಿಕೆಯ ನೆನಪಿದ್ದೀತು. ಬಣ್ಣದ ವೇಷ ರಂಗಕ್ಕೆ ಬರುವ ಮುನ್ನ ಅದರ ಆರ್ಭಟ ದೂರದಿಂದಲೇ ಕೇಳುತ್ತದೆ. ಚೆಂಡೆಯ ಪೆಟ್ಟು ಬದಲಾಗುತ್ತದೆ, ದೊಂದಿಗೆ ರಾಳದ ಹುಡಿ ಎರಚಿ ಬೆಂಕಿ ಭುಗಿಲೆನ್ನುತ್ತದೆ. ಅಷ್ಟರಲ್ಲಿ ಚಾಪೆಯ ಮೇಲಿನ ಅಜ್ಜಿಯಂದಿರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು "ರಕ್ಕಸ ಬರ್ತಾನೆ, ಕಣ್ಣು ಮುಚ್ಚಿಕೋ" ಎಂದಾಗಿರುತ್ತದೆ. ಕಣ್ಣು ಮುಚ್ಚಿ ಬೆರಳ ಸಂದಿಯಿಂದ ನೋಡುವ ಸುಖ ನಮಗೆಲ್ಲ ಗೊತ್ತು. ಅಲ್ಲಿ ಅಕ್ಷರ ಬೇಕಾಗಿರಲಿಲ್ಲ, ಏನು ಬರುತ್ತಿದೆ ಎಂಬುದರಲ್ಲಿ ಸಂಶಯವೂ ಇರಲಿಲ್ಲ. ಡೊಂಬಿವಲಿಯ ಅಜ್ಜಿ ಆ ಕೆಲಸದಲ್ಲಿ ಪಳಗಿದವರೇ. ಟಿ.ವಿ. ಅವರಿಗೆ ಆರ್ಭಟ ಕೇಳಿಸಲಿಲ್ಲ.

ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಎಲ್ಲ ಸರಿಯಿತ್ತೆಂದು ಹೇಳುವವರ ಸಾಲಿಗೆ ನಾವು ಸೇರುವುದಿಲ್ಲ. ಆದರೆ 1988ರ 'ತಮಸ್' ಪ್ರಕರಣ ಇಲ್ಲಿ ನೆನೆಯತಕ್ಕದ್ದು, ಅದು ನಮ್ಮ ನಗರದ ನ್ಯಾಯಾಲಯದಲ್ಲೇ ನಡೆದದ್ದರಿಂದ. ಭೀಷ್ಮ ಸಾಹನಿಯವರ ಕಾದಂಬರಿ, ಗೋವಿಂದ ನಿಹಲಾನಿಯವರ ನಿರ್ದೇಶನ. ಕ್ಯಾಮರಾ ಹಿಡಿದವರಲ್ಲಿ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಒಬ್ಬರು. ದೇಶ ವಿಭಜನೆಯ ಹೊತ್ತಿನ ಗಲಭೆಗಳ ಕತೆ. ಆರಂಭದಲ್ಲೇ ಓಂ ಪುರಿಯ ಪಾತ್ರ ಒಂದು ಹಂದಿಯನ್ನು ಕೊಲ್ಲಲು ಹೆಣಗುವ ದೀರ್ಘ ದೃಶ್ಯ. ಮುಂದೆ ಹೆಂಗಸರು ಸಾಲುಗಟ್ಟಿ ಬಾವಿಗೆ ಹಾರುವ ದೃಶ್ಯ. ಜನವರಿಯಲ್ಲಿ ಪ್ರಸಾರ ಶುರುವಾದಾಗ ಮುಂಬಯಿಯ ನಿವಾಸಿಯೊಬ್ಬರು ಹೈಕೋರ್ಟಿಗೆ ಹೋದರು, ತಡೆಯಾಜ್ಞೆಯೂ ಸಿಕ್ಕಿತು. ಆಮೇಲೆ ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಇಡೀ ಚಿತ್ರವನ್ನು ತಾವೇ ಕುಳಿತು ನೋಡಿ ತಡೆಯನ್ನು ತೆರವುಗೊಳಿಸಿದರು. ಫೆಬ್ರುವರಿ 16ರಂದು ಸುಪ್ರೀಂ ಕೋರ್ಟೂ ಪ್ರಸಾರದ ಪರವಾಗಿ ತೀರ್ಪಿತ್ತಿತು. ಚಿತ್ರದ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿಚಾರವಂತ ಸಾಮಾನ್ಯ ಮನುಷ್ಯನ ಅಳತೆಯಿಂದ ನೋಡಬೇಕು, ಅಳ್ಳೆದೆಯವರ ಅಳತೆಯಿಂದಲ್ಲ ಎಂಬುದು ಅದರ ಸಾರ.

ತೀರ್ಪು ಸರಿಯಾದದ್ದೇ. ಅಳ್ಳೆದೆಯವರನ್ನು ಮುಂದಿಟ್ಟುಕೊಂಡು ಹೊರಟರೆ 'ತಮಸ್' ಮಾತ್ರವಲ್ಲ, ನಮ್ಮ ಮಹಾಭಾರತದ ದುಶ್ಶಾಸನ ವಧೆಯನ್ನೂ ನಿಲ್ಲಿಸಬೇಕಾದೀತು. ಗಮನಿಸಬೇಕಾದ ಸ್ವಾರಸ್ಯವೆಂದರೆ, ಈ ಚಿತ್ರಕ್ಕಿದ್ದ ಪ್ರಮಾಣಪತ್ರ 'ಯು', ಅಂದರೆ ಸರ್ವರೂ ನೋಡಬಹುದಾದದ್ದು! ಅಕ್ಷರವನ್ನು ನಂಬಿ ಕುಳಿತಿದ್ದರೆ ಹಾಲುಗಲ್ಲದ ಮಕ್ಕಳನ್ನೂ ಎದುರಿಗೆ ಕೂರಿಸಬೇಕಾಗಿತ್ತು. ಹಾಗೆ ಬಹುಮಂದಿ ಮಾಡಲಿಲ್ಲ. ಪತ್ರಿಕೆಗಳಲ್ಲಿ, ಕೋರ್ಟಿನಲ್ಲಿ, ಲೋಕಲ್ ಗಾಡಿಯ ಡಬ್ಬಿಯಲ್ಲಿ ಅದರದೇ ಮಾತು ನಡೆದು, ಒಳಗೇನಿದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಕುರ್ಲಾದ ನಮ್ಮ ಚಾಳಿನಲ್ಲಿ ಟಿ.ವಿ. ಇದ್ದದ್ದು ಮೂರೇ ಖೋಲಿಗಳಲ್ಲಿ. ರಾತ್ರಿಶಾಲೆಯ ನಿವೃತ್ತ ಮಾಸ್ತರರೊಬ್ಬರು ಪ್ರತಿ ಕಂತಿಗೂ ಮೊದಲು ಎದ್ದು ನಿಂತು, ಇವತ್ತು ಇಂಥಿಂಥದ್ದು ಬರಬಹುದು, ಸಣ್ಣವರು ಹೋಗಿ ಮಲಗಿ ಎಂದು ಅಪ್ಪಣೆ ಮಾಡುತ್ತಿದ್ದರು. ಹೆಂಗಸರನ್ನೂ ಎಬ್ಬಿಸಲು ನೋಡಿದರು. ಅವರು ಏಳಲಿಲ್ಲ, ಏಳದಿದ್ದದ್ದು ಒಳ್ಳೆಯದೇ ಆಯಿತು. ಬಾಯಿಮಾತಿನ ಎಚ್ಚರಿಕೆಯಲ್ಲಿ ಈ ಯಜಮಾನಿಕೆಯ ಅಪಾಯ ಇದ್ದೇ ಇದೆ. ಆದರೂ ಹಂದಿಯ ದೃಶ್ಯ ಬಂದಾಗ ಆ ಖೋಲಿಯಲ್ಲಿ ತಿಳಿಯದೆ ಕುಳಿತವರು ಯಾರೂ ಇರಲಿಲ್ಲ.

ಇದೇ ಹೈಕೋರ್ಟಿನಲ್ಲಿ ಮುಂದೆ ಇನ್ನೊಂದು ದಾರಿಯ ಪರೀಕ್ಷೆಯೂ ನಡೆಯಿತು. ಕೇಬಲ್ಲಿನಲ್ಲಿ ವಯಸ್ಕರ ಚಿತ್ರಗಳು ಮಕ್ಕಳ ಕಣ್ಣಿಗೆ ಬೀಳುತ್ತಿವೆ ಎಂದು ಇಲ್ಲಿನ ಕಾಲೇಜು ಅಧ್ಯಾಪಕಿ ಪ್ರತಿಭಾ ನೈಥಾನಿಯವರು ಹೂಡಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ಮೇಲೆ, ಯು ಮತ್ತು ಯು/ಎ ಚಿತ್ರಗಳನ್ನಷ್ಟೇ ಟಿ.ವಿ.ಯಲ್ಲಿ ತೋರಿಸಬೇಕೆಂಬ ಆದೇಶ 2005ರಲ್ಲಿ ಬಂತು. 2006ರ ಆಗಸ್ಟಿನಲ್ಲಿ ಪೊಲೀಸರು ಕೇಬಲಿನವರ ಮೇಲೆ ಕ್ರಮ ಕೈಗೊಂಡಾಗ ನಗರದಲ್ಲಿ ಹಲವು ಸಿನೆಮಾ ಚಾನೆಲ್ಲುಗಳು ಕೆಲವು ದಿನ ಕಾಣಿಸಲೇ ಇಲ್ಲ. ಅಧ್ಯಾಪಕಿಯವರ ಕಳವಳ ನ್ಯಾಯವಾದದ್ದು. ಆದರೆ ಆ ದಾರಿ ಕೊನೆಗೆ ಕತ್ತರಿಗೇ ಹೋಗಿ ಮುಟ್ಟುತ್ತದೆ. 'ಎ' ಚಿತ್ರವನ್ನು ಅಲ್ಲಲ್ಲಿ ಕತ್ತರಿಸಿ ಯು/ಎ ಮಾಡಿ ತೋರಿಸುತ್ತಾರೆ. ಬೆಳೆದವರಿಗೆ ಚಿತ್ರ ತುಂಡಾಯಿತು, ಉಳಿದದ್ದರಲ್ಲಿ ಏನಿದೆ ಎಂಬುದು ಅಜ್ಜಿಗೆ ಈಗಲೂ ತಿಳಿಯಲಿಲ್ಲ. ಕತ್ತರಿ ಬೇಡ ಎನ್ನುವ ನಮ್ಮಂಥವರೇ ಎಚ್ಚರಿಕೆ ಸರಿಯಾಗಿರಲಿ ಎಂದು ಮೊದಲು ಕೂಗಬೇಕಾದವರು.

ಸರಿಯಾದ ಎಚ್ಚರಿಕೆ ಸಾಧ್ಯವೆ? ಸಾಧ್ಯ ಎಂಬುದಕ್ಕೆ ಸಾಕ್ಷಿ ನಮ್ಮ ಪರೇಲಿನ ಟಾಟಾ ಆಸ್ಪತ್ರೆಯಿಂದಲೇ ಬಂದಿದೆ. ಅಲ್ಲಿ ಚಿತ್ರಿಸಿದ ಮುಕೇಶನ ಜಾಹೀರಾತನ್ನು ಮರೆತವರುಂಟೆ? ಗುಟಕಾ ತಿಂದು ಬಾಯಿಯ ಕ್ಯಾನ್ಸರಿಗೆ ತುತ್ತಾಗಿ 24ರ ಹರೆಯದಲ್ಲಿ, 2009ರಲ್ಲಿ, ತೀರಿಕೊಂಡ ಭುಸಾವಳದ ಯುವಕ. 2012ರ ಅಕ್ಟೋಬರಿನಿಂದ ಬಂದ ನಿಯಮದಂತೆ, ತಂಬಾಕಿನ ದೃಶ್ಯವಿರುವ ಚಿತ್ರದ ಆರಂಭದಲ್ಲೂ ನಡುವೆಯೂ ಮೂವತ್ತು ಸೆಕೆಂಡಿನ ಆರೋಗ್ಯ ಸಂದೇಶ ಇರಬೇಕು, ಸಿಗರೇಟು ಕಂಡಷ್ಟು ಹೊತ್ತು ಕೆಳಗೆ ಬಿಳಿಯ ಮೇಲೆ ಕಪ್ಪು ಅಕ್ಷರದ ಸಾಲು ಇರಬೇಕು, ಮತ್ತು ಇವೆಲ್ಲ ಚಿತ್ರದ ಭಾಷೆಯಲ್ಲೇ ಇರಬೇಕು. ಕನ್ನಡ ಚಿತ್ರಕ್ಕೆ ಕನ್ನಡ. ಇದನ್ನು ಕಾಣದವರಿಲ್ಲ, ಅರ್ಥವಾಗದವರಿಲ್ಲ. ಮಕ್ಕಳು ಆ ಧ್ವನಿಯನ್ನು ಅಣಕಿಸಿ ಆಡಿದರು. ಇಂಥದೇ ಒಂದು ಜಾಹೀರಾತಿನ ಮಾತನ್ನು 2018ರಲ್ಲಿ ತೆಲುಗಿನವರು ಸಿನೆಮಾದ ಹೆಸರಾಗಿಯೇ ಇಟ್ಟರು. ಕಲೆಗೆ ಭಂಗ ಎಂದು ಸಿಟ್ಟಾದವರೂ ಉಂಟು: ಅಮೆರಿಕದ ವುಡಿ ಆಲನ್ 2013ರಲ್ಲಿ ತಮ್ಮ ಚಿತ್ರವನ್ನು ಭಾರತದಲ್ಲಿ ಬಿಡುಗಡೆ ಮಾಡಲೇ ಒಪ್ಪಲಿಲ್ಲ. ನೋಡಿದವರೆಲ್ಲ ಬೀಡಿ ಬಿಟ್ಟರೆಂದು ನಾವು ಹೇಳುತ್ತಿಲ್ಲ. ದೊಡ್ಡ ಅಕ್ಷರ, ಚಿತ್ರದ್ದೇ ಭಾಷೆ, ಮತ್ತೆ ಮತ್ತೆ ಬರುವುದು, ಜೊತೆಗೊಂದು ಧ್ವನಿ, ಇಷ್ಟಿದ್ದರೆ ಎಚ್ಚರಿಕೆ ಮುಟ್ಟುತ್ತದೆ ಎಂಬುದಂತೂ ಸಿದ್ಧವಾಯಿತು. ಶ್ವಾಸಕೋಶಕ್ಕೆ ಕೊಟ್ಟ ಈ ಮರ್ಯಾದೆಯನ್ನು ಮನಸ್ಸಿಗೆ ಏಕೆ ಕೊಡಬಾರದು?

ಎಚ್ಚರಿಕೆ ಕೊಟ್ಟರೆ ಕುತೂಹಲ ಕೆರಳುತ್ತದೆ ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿದೆ. ಬ್ರಿಟನ್ನಿನ ಚಾನೆಲ್ ಫೋರ್ 1986ರಲ್ಲಿ ವಯಸ್ಕರ ಚಿತ್ರಗಳ ಮೂಲೆಯಲ್ಲಿ ಕೆಂಪು ತ್ರಿಕೋನ ಇಟ್ಟಿತು. ತ್ರಿಕೋನವೇ ಜನರನ್ನು ಸೆಳೆಯತೊಡಗಿ ಮರುವರ್ಷ ಅದನ್ನು ಕೈಬಿಟ್ಟರು. ಅದು ಒಳಗೇನಿದೆ ಎಂದು ಹೇಳದ, 'ಇಲ್ಲೇನೋ ಇದೆ' ಎಂದಷ್ಟೇ ಸನ್ನೆ ಮಾಡುವ ಗುರುತು. ಮುದುಕಿಯೊಬ್ಬಳ ಕೊಲೆಯನ್ನು ತೋರಿಸುತ್ತೇವೆ ಎಂದು ಬಿಚ್ಚಿ ಹೇಳಿದ್ದರೆ ಡೊಂಬಿವಲಿಯ ಅಜ್ಜಿಯ ಕುತೂಹಲ ಕೆರಳುತ್ತಿತ್ತೆ? ನಮಗೆ ಹಾಗನ್ನಿಸುವುದಿಲ್ಲ.

ಯಾವ ಫಲಕವೂ ಇಲ್ಲದೆ ಬಂದದ್ದನ್ನು ಹೇಳದಿದ್ದರೆ ಈ ಮಾತು ಅಪೂರ್ಣ. 2008ರ ನವೆಂಬರ್ 26ರ ರಾತ್ರಿಯಿಂದ ಮೂರು ದಿನ ನಮ್ಮ ಮನೆಗಳಲ್ಲಿ ಟಿ.ವಿ. ಆರಲಿಲ್ಲ. ಫೋರ್ಟ್, ಕೊಲಾಬಾದ ಕಡೆ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮವರು ಎಷ್ಟು ಮಂದಿ! ಫೋನು ತಾಗದೆ, ಮಗ ಎಲ್ಲಿದ್ದಾನೆಂದು ತಿಳಿಯಲು ತಾಯಂದಿರಿಗೆ ಇದ್ದದ್ದು ಆ ಪರದೆ ಒಂದೇ. ಅದರಲ್ಲಿ ಗುಂಡಿನ ಸದ್ದು, ರಕ್ತದ ನೆಲ, ಹೊಗೆ, ಮತ್ತೆ ಅದೇ. ಮಕ್ಕಳು ಅದೇ ಖೋಲಿಯಲ್ಲಿ ಉಂಡು ಅದೇ ಖೋಲಿಯಲ್ಲಿ ಮಲಗಿದರು. ನೇರ ಪ್ರಸಾರಕ್ಕೆ ಪ್ರಮಾಣಪತ್ರವೆಲ್ಲಿಂದ ಬರಬೇಕು? 2012ರಲ್ಲಿ ಸುಪ್ರೀಂ ಕೋರ್ಟು ಆ ನೇರ ಪ್ರಸಾರವನ್ನು ಕಟುವಾಗಿ ಟೀಕಿಸಿತು, 2015ರಲ್ಲಿ ಅಂಥ ಕಾರ್ಯಾಚರಣೆಯ ನೇರ ಪ್ರಸಾರಕ್ಕೆ ನಿಯಮದಲ್ಲೇ ತಡೆ ಬಂತು. ಅದು ಯೋಧರ ಪ್ರ್ರಾಣರಕ್ಷಣೆಯ ದೃಷ್ಟಿಯಿಂದ, ಆಗಲೇಬೇಕಾದದ್ದು. ಮನೆಯೊಳಗೆ ಕುಳಿತು ನೋಡಿದವರ ವಿಚಾರ ಅದರಲ್ಲಿ ಬರಲಿಲ್ಲ. ಇದಕ್ಕೆ ಯಾವ ಫಲಕ ಸಾಕಾದೀತೋ ನಮಗೂ ಹೊಳೆಯುವುದಿಲ್ಲ.

ಡೊಂಬಿವಲಿಯ ಸಂಗತಿಗೆ ಮಾತ್ರ ಪರಿಹಾರ ಕಷ್ಟದ್ದಲ್ಲ. ಚಾನೆಲ್ಲುಗಳು ಸೇರಿ 2011ರಲ್ಲಿ ಮಾಡಿಕೊಂಡ ಸ್ವಯಂ ನಿಯಂತ್ರಣದ ವ್ಯವಸ್ಥೆಯಲ್ಲಿ ಒಂದು ದೂರು ಮಂಡಳಿ ಇದೆ. ಕಾರ್ಯಕ್ರಮದ ಬಗ್ಗೆ ಆಕ್ಷೇಪವಿದ್ದರೆ ಬರೆಯಿರಿ ಎಂದು ಪರದೆಯ ತಳದಲ್ಲಿ ಓಡುವ ಸಣ್ಣ ಸಾಲು ಅದರದೇ. ಆ ಸಾಲನ್ನು ನಾವು ಮೂರು ಸಲ ಕಾದು ಕುಳಿತು ಬರೆದುಕೊಳ್ಳಬೇಕಾಯಿತು, ಅಷ್ಟು ವೇಗ! ಮೊದಲು ಆ ಚಾನೆಲ್ಲಿಗೇ ಒಂದು ಕಾಗದ ಹಾಕಿದ್ದೇವೆ. ಕನ್ನಡದಲ್ಲಿ ಬರೆದು ಹಿಂದಿ ತರ್ಜುಮೆ ಲಗತ್ತಿಸಿದ್ದೇವೆ. ಹಿಂದಿ ಚಾನೆಲ್ಲಿನಲ್ಲಿ ಕನ್ನಡ ಬೇಕೆಂದು ಕೇಳಿಲ್ಲ. ಏನು ತೋರಿಸುತ್ತೀರಿ ಎಂಬುದನ್ನು ಆಡುಮಾತಿನ ಹಿಂದಿಯಲ್ಲಿ ಬಾಯಿಬಿಟ್ಟು ಹೇಳಿ, ಅಕ್ಷರ ಬಾರದವರ ಕಿವಿಗೂ ಬೀಳಲಿ. ಪ್ರತಿ ಜಾಹೀರಾತಿನ ನಂತರ ಒಮ್ಮೆ ನೆನಪಿಸಿ. ರಾತ್ರಿ ತೋರಿಸಿದ್ದನ್ನು ಮಕ್ಕಳು ಮನೆಯಲ್ಲಿರುವ ಮಧ್ಯಾಹ್ನಕ್ಕೆ ತರಬೇಡಿ ಎಂದಷ್ಟೇ ಕೇಳಿದ್ದೇವೆ. ಅಜ್ಜಿಗೆ ಓದಿ ಹೇಳಿದಾಗ, "ನನ್ನ ಹೆಸರು ಹಾಕಬೇಡಿ, ರುಜು ಬೇಕಾದರೆ ಹಾಕಿಕೊಡುತ್ತೇನೆ" ಎಂದರು. ಕಾಗದದ ಕೊನೆಯಲ್ಲಿ ನಮ್ಮ ರುಜುವಿನ ಕೆಳಗೆ ಕನ್ನಡದಲ್ಲಿ ಅವರ ರುಜುವೂ ಇದೆ. ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.